ತುಟಿಯ ಬಣ್ಣಕ್ಕೆ ಬೈಗುಳ, ಬಿಳಿಚುವ ಕ್ರೀಮಿಗೆ ಮೌನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಯಾವ ಶಾಲೆಯ ಗ್ಯಾದರಿಂಗಿಗೆ ಹೋದರೂ ಒಂದು ನೋಟ ತಪ್ಪುವುದಿಲ್ಲ. ಆರೇಳು ವರ್ಷದ ಹುಡುಗಿಯರು ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಕಣ್ಣಿಗೆ ದಪ್ಪ ಕಾಡಿಗೆ ಬಳಿದುಕೊಂಡು ಸಿನಿಮಾ ಹಾಡಿಗೆ ಕುಣಿಯುತ್ತಾರೆ. ಬಣ್ಣ ಹಚ್ಚಿದವರು ತಾಯಿ ಅಥವಾ ಟೀಚರು. ಚಪ್ಪಾಳೆ ಹೊಡೆಯುವುದು ಇಡೀ ಊರು. ಅದೇ ಹುಡುಗಿ ಒಂಬತ್ತನೇ ತರಗತಿಗೆ ಬಂದು ಸ್ವಂತ ಕೈಯಿಂದ ಒಂದಿಷ್ಟು ಲಿಪ್‌ಸ್ಟಿಕ್ ಹಚ್ಚಿಕೊಂಡರೆ ಮನೆಯಲ್ಲಿ ಮಾತು ಬದಲಾಗುತ್ತದೆ: "ಮಾರಿಗೆ ಏನ್ ಬಡ್ಕೊಂಡೀಯವಾ? ನೋಡಿದ ಮಂದಿ ಏನಂದಾರು?" ಮುಂದೆ ಐದಾರು ವರ್ಷ ಕಳೆದು ಅವಳ ಲಗ್ನ ಬಂದಾಗ, ಸಾವಿರಾರು ರೂಪಾಯಿ ಕೊಟ್ಟು ಬ್ಯೂಟಿಶಿಯನ್ ಕರೆಸಿ, ಅವಳ ಗುರುತೇ ಹತ್ತದಂತೆ ಅದೇ ಮುಖಕ್ಕೆ ಬಣ್ಣ ಹಚ್ಚಿಸುವವರೂ ನಾವೇ.

ಆರಕ್ಕೆ ಚೆಂದ, ಹದಿನಾಲ್ಕಕ್ಕೆ ತಪ್ಪು, ಇಪ್ಪತ್ತಕ್ಕೆ ಕಡ್ಡಾಯ. ಈ ಲೆಕ್ಕದಲ್ಲಿ ಚರ್ಮದ ಆರೋಗ್ಯದ ವಿಚಾರ ಎಲ್ಲಿಯೂ ಬರುವುದಿಲ್ಲ. ವಯಸ್ಸಿನ ವಿಚಾರವೂ ನಿಜವಾಗಿ ಇಲ್ಲ. ಹಿರಿಯರು ಹಚ್ಚಿದರೆ ಸರಿ, ಹುಡುಗಿ ತಾನಾಗಿ ಹಚ್ಚಿಕೊಂಡರೆ ತಪ್ಪು ಎಂಬುದಷ್ಟೇ ಇಲ್ಲಿರುವ ನಿಯಮ. ಹಾಗಾಗಿ "ಹದಿಹರೆಯದ ಹುಡುಗಿಗೆ ಮೇಕಪ್ ಯಾವಾಗ ಬಿಡಬೇಕು?" ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ನಾವು ಹೆದರುತ್ತಿರುವುದು ಯಾವುದಕ್ಕೆ ಎಂದು ಕೇಳಿಕೊಳ್ಳಬೇಕು. ನನ್ನ ವಾದ ಇಷ್ಟು: ನಮ್ಮ ಭಯ ತಪ್ಪು ಡಬ್ಬಿಯ ಮೇಲೆ ಕೂತಿದೆ. ಸಂಜೆ ಮುಖ ತೊಳೆದರೆ ಹೋಗುವ ಬಣ್ಣಕ್ಕೆ ನಾವು ಕಾವಲು ಕೂಡುತ್ತೇವೆ. ತೊಳೆದರೂ ಹೋಗದ ಹಾನಿ ಮಾಡುವ, ಬೆಳ್ಳಗಾಗಿಸುವ ಕ್ರೀಮನ್ನು ನಾವೇ ತಂದು ಕೊಡುತ್ತೇವೆ.

ಈ ಭಯಕ್ಕೆ ಕಾರಣವಿಲ್ಲವೆಂದು ಹೇಳಿದರೆ ಈ ಸೀಮೆಯ ತಾಯಂದಿರಿಗೆ ಅನ್ಯಾಯ ಮಾಡಿದಂತೆ. ಇಲ್ಲಿ ಹೆಣ್ಣಿನ ಸಿಂಗಾರ ಎಂದೂ ಬರೀ ಸಿಂಗಾರವಾಗಿರಲಿಲ್ಲ, ಅದು ಊರಿಗೆ ಸಾರುವ ಸುದ್ದಿಯಾಗಿತ್ತು. ಸವದತ್ತಿಯ ಎಲ್ಲಮ್ಮನ ಗುಡ್ಡದ ವರ್ಷಚಕ್ರವನ್ನೇ ನೋಡಿ. ಗಂಡ ಜಮದಗ್ನಿಯ ಸಾವಿನ ನೆನಪಿನ ಹೊಸ್ತಿಲ ಹುಣ್ಣಿಮೆಗೆ ದೇವಿಯ ಬಳೆ ಒಡೆಯುತ್ತದೆ. ಜನ ಅದನ್ನು ರಂಡಿ ಹುಣ್ಣಿಮೆ ಎಂದೂ ಕರೆಯುತ್ತಾರೆ. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ದೇವಿಯೇ ಆದರೂ ಬಳೆ ಇಡುವುದು, ತೆಗೆಯುವುದು ಗಂಡನ ಅಳಿವು ಉಳಿವಿಗೆ ಕಟ್ಟುಬಿದ್ದಿದೆ. ಮನೆಯಲ್ಲಿಯೂ ಹಾಗೆಯೇ. ಹುಡುಗಿ ದೊಡ್ಡಾಕಿ ಆದಾಗ ಸೀರೆ ಉಡಿಸಿ, ಹೂ ಮುಡಿಸಿ, ಉಡಿ ತುಂಬಿ ಆರತಿ ಮಾಡುವುದು ಬಂಧುಬಳಗಕ್ಕೆ ಒಂದು ಸುದ್ದಿ. ಕುಂಕುಮ, ತಾಳಿ, ಕಾಲುಂಗುರ, ಹಸಿರು ಬಳೆ ಇನ್ನೊಂದು ಸುದ್ದಿ. ಇವು ಅಳಿಸಿದ ಹಣೆ ಮತ್ತೊಂದು.

ಇದೇ ಗುಡ್ಡದ ನೆರಳಿನಲ್ಲಿ ಇನ್ನೂ ಕಹಿಯಾದ ಸುದ್ದಿಯೂ ಇತ್ತು. ಕೊರಳಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟ, ಮೈನೆರೆಯದ ಹುಡುಗಿಯ ಸಿಂಗಾರಕ್ಕೆ ಇದ್ದ ಅರ್ಥ ಎಲ್ಲರಿಗೂ ಗೊತ್ತಿತ್ತು. 1934ರಲ್ಲಿ ಮುಂಬಯಿ ಸರ್ಕಾರ ಕಾಯ್ದೆ ತಂದರೂ ಸಾಲದೆ, 1982ರಲ್ಲಿ ಕರ್ನಾಟಕ ಮತ್ತೆ ಕಾಯ್ದೆ ಮಾಡಿ ದೇವದಾಸಿಯರನ್ನಾಗಿ ಬಿಡುವುದನ್ನು ನಿಷೇಧಿಸಬೇಕಾಯಿತು. ಆ ಪದ್ಧತಿಗೆ ಬಲಿಯಾದವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಅಂಥ ಕೇರಿಯ ಅಜ್ಜಿಯೊಬ್ಬಳು ಮೊಮ್ಮಗಳ ಕೆಂಪು ತುಟಿ ನೋಡಿ ಬೆಚ್ಚಿದರೆ ಅದನ್ನು ಹಳೆಯ ಕಾಲದ ಮೂಢತನ ಎಂದು ತಳ್ಳಿಹಾಕಲಾಗದು. ಸಿಂಗರಿಸಿದ ಹುಡುಗಿ ಎಂದರೆ ಸಿಕ್ಕುವ ಹುಡುಗಿ ಎಂದು ಊರ ಗಂಡಸರು ಓದುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಾಳೆ.

ಆದರೆ ಆ ಭಯ ಇಂದು ಮಾಡುತ್ತಿರುವ ಕೆಲಸ ಏನು ಎಂಬುದನ್ನೂ ನೋಡಬೇಕು. ಹುಡುಗಿ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರೆ, ಫೋನಿನಲ್ಲಿ ಫೋಟೊ ತೆಗೆದುಕೊಂಡರೆ, ಮನೆಗೆ ಬಂದ ಬೀಗರಲ್ಲಿ ಒಬ್ಬರಾದರೂ "ಹುಡುಗಿ ಭಾಳ ಸಿಂಗಾರ ಮಾಡ್ಕೊಳ್ಳಾಕ ಹತ್ಯಾಳ, ಲಗೂನ ಒಂದ್ ಕಡೆ ನೋಡ್ರಿ" ಎನ್ನುತ್ತಾರೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ರಾಜ್ಯ ಸರ್ಕಾರ ಕಾನೂನಿಗೆ ತಿದ್ದುಪಡಿಯನ್ನೂ ತಂದಿದೆ. ಲಿಪ್‌ಸ್ಟಿಕ್ಕಿನಿಂದ ಯಾರ ಮದುವೆಯೂ ಬೇಗ ಆಗುವುದಿಲ್ಲ. ಲಿಪ್‌ಸ್ಟಿಕ್ಕನ್ನು ನಾವು ಓದುವ ರೀತಿಯಿಂದ ಆಗುತ್ತದೆ. ಹುಡುಗಿಯ ರಕ್ಷಣೆಗೆಂದು ಹುಟ್ಟಿದ ಭಯ ಅವಳ ಓದನ್ನೇ ಮೊಟಕು ಮಾಡುತ್ತದಾದರೆ, ರಕ್ಷಣೆ ಎಂಬ ಮಾತಿಗೆ ಅರ್ಥ ಉಳಿಯದು.

ಬಣ್ಣವೇ ಕೆಟ್ಟದ್ದು ಎಂಬ ನಂಬಿಕೆ ಈ ನೆಲದ್ದಲ್ಲ ಎನ್ನುವುದಕ್ಕೆ ಇಲ್ಲಿಯ ರಂಗಭೂಮಿಯೇ ಸಾಕ್ಷಿ. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರು ಎಳವೆಯಲ್ಲಿ ಸ್ತ್ರೀ ಪಾತ್ರಗಳನ್ನು ಹಾಕಿ, ಮುಂದೆ ಕಂಪನಿ ಕಟ್ಟಿ ಬೆಳೆಸಿ, 2017ರಲ್ಲಿ ತೀರಿಕೊಳ್ಳುವವರೆಗೆ ನಾಡಿನ ಗೌರವ ಪಡೆದರು. ಗಂಡುಹುಡುಗನೊಬ್ಬ ಮುಖಕ್ಕೆ ಬಣ್ಣ ಹಚ್ಚಿ, ಸೀರೆ ಉಟ್ಟು ರಂಗಕ್ಕೆ ಬಂದರೆ ಅದು ಕಲೆ. ಅದೇ ಕಾಲದಲ್ಲಿ ಅದೇ ಬಣ್ಣ ಹಚ್ಚಿದ ನಟಿಯರಿಗೆ ಬಿಡಾರದ ಹೊರಗೆ ಸಿಗುತ್ತಿದ್ದ ಮಾತೇ ಬೇರೆ. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಹುಬ್ಬು ತೀಡಿ, ದೊಡ್ಡ ಕುಂಕುಮವಿಟ್ಟು, ಕೈಯಲ್ಲಿ ಕತ್ತಿ ಹಿಡಿದು ಚೆನ್ನಮ್ಮನ ವೇಷ ಹಾಕಿದ ಹೈಸ್ಕೂಲು ಹುಡುಗಿಗೆ ಯಾರೂ "ಮಂದಿ ಏನಂದಾರು" ಎನ್ನುವುದಿಲ್ಲ. ಊರಿಗಾಗಿ, ದೇವರಿಗಾಗಿ, ಗಂಡನಿಗಾಗಿ, ಕಲೆಗಾಗಿ ಹಚ್ಚಿದ ಬಣ್ಣ ಒಪ್ಪಿತ. ಹುಡುಗಿ ತನ್ನ ಖುಷಿಗೆ ಹಚ್ಚಿಕೊಂಡದ್ದು ಮಾತ್ರ ಅನುಮಾನಕ್ಕೆ ಗುರಿ. ಹದಿಹರೆಯದ ಹುಡುಗಿಗೆ ಲಿಪ್‌ಸ್ಟಿಕ್ ಬೇಕಾಗುವುದು ಬಹಳ ಸಲ ಯಾರನ್ನೋ ಒಲಿಸಿಕೊಳ್ಳಲಿಕ್ಕಲ್ಲ. ಗೆಳತಿ ಹಚ್ಚಿಕೊಂಡಿದ್ದಾಳೆ, ಬಣ್ಣ ಚೆಂದ ಇದೆ, ತನ್ನ ಮುಖ ಬೇರೆ ಹೇಗೆಲ್ಲ ಕಾಣಬಹುದು ಎಂಬ ಕುತೂಹಲ ಇದೆ. ಇಷ್ಟೇ.

ಈಗ ಎರಡನೇ ಡಬ್ಬಿಗೆ, ಅಂದರೆ ಬೆಳ್ಳಗಾಗಿಸುವ ಕ್ರೀಮಿಗೆ ಬರೋಣ. ಮಲಪ್ರಭೆಯ ದಂಡೆಯ ಈ ಎರೆಭೂಮಿಯಲ್ಲಿ ಹತ್ತಿ, ಜೋಳ, ಕಡಲೆಯ ಹೊಲದಲ್ಲಿ ಬಿಸಿಲಿಗೆ ದುಡಿದ ಹೆಂಗಸರ ಮೈಬಣ್ಣ ಬಿಸಿಲಿನ ಬಣ್ಣವೇ. ಅವರ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಮಾತ್ರ "ಬಿಸಿಲಾಗ ಹೋಗಬ್ಯಾಡ, ಕರ್ರಗಾಗ್ತೀ" ಎಂಬ ಎಚ್ಚರಿಕೆ ಬುದ್ಧಿ ಬಂದಾಗಿನಿಂದ. ವರ ನೋಡಲು ಬಂದವರು ಮೊದಲು ನೋಡುವುದು ಬಣ್ಣ. ಹಾಗಾಗಿ ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಬೆಳ್ಳಗಾಗುವ ಕ್ರೀಮು ತಂದುಕೊಡಲು ಯಾವ ತಾಯಿಯೂ ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. ಅದನ್ನು ನಾವು ಮೇಕಪ್ ಎಂದೇ ಎಣಿಸುವುದಿಲ್ಲ. ಸೋಪು, ಎಣ್ಣೆಯ ಸಾಲಿನಲ್ಲಿ ಸೇರಿಸಿಬಿಟ್ಟಿದ್ದೇವೆ. 1975ರಲ್ಲಿ ಹಿಂದೂಸ್ತಾನ್ ಲಿವರ್ ಮಾರುಕಟ್ಟೆಗೆ ತಂದ 'ಫೇರ್ ಅಂಡ್ ಲವ್ಲಿ' ಈ ಆಸೆಯನ್ನು ಸಣ್ಣ ಸ್ಯಾಶೆಯಲ್ಲಿ ಹಳ್ಳಿಯ ಕಿರಾಣಿ ಅಂಗಡಿಗೂ ಮುಟ್ಟಿಸಿತು. 2005ರಲ್ಲಿ ಇಮಾಮಿ ಕಂಪನಿ 'ಫೇರ್ ಅಂಡ್ ಹ್ಯಾಂಡ್‌ಸಮ್' ತಂದ ಮೇಲೆ ಗಂಡುಹುಡುಗರೂ ಅದೇ ಬಲೆಗೆ ಬಿದ್ದರು. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ 'ಫೇರ್ ಅಂಡ್ ಲವ್ಲಿ'ಯ ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾಯಿತು, ವಧುಪರೀಕ್ಷೆ ಬದಲಾಗಲಿಲ್ಲ.

ದೊಡ್ಡ ಕಂಪನಿಯ ಕ್ರೀಮಿನಿಂದ ಬಣ್ಣ ಬದಲಾಗಲಿಲ್ಲವೆಂದು ಬೇಸತ್ತ ಮನೆಯವರು ಮುಂದಿನ ಹೆಜ್ಜೆ ಇಡುವಾಗ ನಿಜವಾದ ಅಪಾಯ ಶುರು. ಮೊದಲನೆಯದು ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮು. ಚರ್ಮರೋಗಕ್ಕೆ ಕೊಡುವ ಔಷಧ ಇದು. ಮುಖಕ್ಕೆ ಹಚ್ಚಿದರೆ ಮೊದಲ ಕೆಲವು ವಾರ ಚರ್ಮ ತಿಳಿಯಾದಂತೆ ಕಾಣುತ್ತದೆ; ಅಕ್ಕಪಕ್ಕದವರೂ "ಭಾಳ ಚಲೋ ಆತು" ಎನ್ನುತ್ತಾರೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಮೊಡವೆ ಹೆಚ್ಚಿ, ಬೇಡದ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಕೆಂಪು ಮತ್ತೂ ಜೋರು. ಆದ್ದರಿಂದ ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ಈ ದುರ್ಬಳಕೆ ಎಷ್ಟು ಹಬ್ಬಿತ್ತೆಂದರೆ, 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಎರಡನೆಯದು ಹೆಸರಿಲ್ಲದ ಬೆಳ್ಳಗಾಗುವ ಕ್ರೀಮುಗಳಲ್ಲಿ ಬೆರೆತಿರಬಹುದಾದ ಪಾದರಸ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟುವುದನ್ನೇ ಪಾದರಸ ತಡೆಯುತ್ತದೆ, ಜೊತೆಗೆ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿನಲ್ಲಿ ಪಾದರಸವನ್ನು ಬೇಕೆಂದು ಸೇರಿಸುವಂತಿಲ್ಲ. ಅರಿಯದೆ ಸೇರಿದ್ದರೂ ಅದು ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗವನ್ನು ಮೀರಕೂಡದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ಮಂದಿಯಲ್ಲಿ ಕಂಡದ್ದು ಕಾಯಿಲೆಯ ಅಪರೂಪದ ಒಂದು ರೂಪ. ಆ 15 ಮಂದಿಯಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. ತುಟಿಯ ಬಣ್ಣದಿಂದ ಕೆಟ್ಟ ಹೆಸರು ಬಂದೀತೆಂದು ನಿದ್ದೆಗೆಡುವ ಮನೆ, ಮೂತ್ರಪಿಂಡ ಕೆಡಿಸಬಲ್ಲ ಹೆಸರಿಲ್ಲದ ಡಬ್ಬಿಯನ್ನು ಕನ್ನಡಿಯ ಹಿಂದೆ ಇಟ್ಟುಕೊಂಡಿರುತ್ತದೆ.

ಇದರಿಂದ ಒಂದು ಸರಳ ಅಳತೆಗೋಲು ಸಿಗುತ್ತದೆ. ರಾತ್ರಿ ತೊಳೆದಾಗ ಹುಡುಗಿಯ ಸ್ವಂತ ಮುಖ ಮರಳಿ ಬರುವುದಾದರೆ ಅದು ಆಟ, ಅಲಂಕಾರ. ಅದಕ್ಕೆ ಹಂತಹಂತವಾಗಿ ಒಪ್ಪಿಗೆ ಕೊಡಬಹುದು. ಅವಳ ಸ್ವಂತ ಮುಖ ಸರಿಯಿಲ್ಲ, ಅದನ್ನೇ ಬದಲಿಸುತ್ತೇನೆ ಎಂದು ಹೇಳುವ ವಸ್ತುವಾದರೆ ಅದಕ್ಕೆ ಯಾವ ವಯಸ್ಸಿನಲ್ಲೂ ಒಪ್ಪಿಗೆ ಬೇಡ. ತೊಳೆದರೆ ಹೋಗುವುದೆಲ್ಲ ನಿರಪಾಯ ಎಂದು ಇದರ ಅರ್ಥವಲ್ಲ. ನಮ್ಮದೇ ಸಂಪ್ರದಾಯದ್ದು ಎಂದು ಕಣ್ಣು ಮುಚ್ಚಿ ನಂಬುವ ವಸ್ತುಗಳಲ್ಲೂ ಅಪಾಯವಿದೆ. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯಲ್ಲಿ ತೊನ್ನಿನಂಥ ಬಿಳಿ ಕಲೆ ಬಿದ್ದವರನ್ನು ಚರ್ಮವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ. ಜಾತ್ರೆಯಲ್ಲಿ ಹಾಕುವ ಕಪ್ಪು ಮೆಹಂದಿಯಲ್ಲಿ ಕೂದಲಿನ ಬಣ್ಣದ ರಾಸಾಯನಿಕ ಬೆರೆತಿದ್ದರೆ ಕೈ ಬೊಕ್ಕೆ ಏಳುತ್ತದೆ. ಬಯಲಾಟ, ಯಕ್ಷಗಾನದ ಹಳೆಯ ಬಣ್ಣಗಳಾದ ಇಂಗಳೀಕದಲ್ಲಿ ಪಾದರಸವೂ ಅರದಾಳದಲ್ಲಿ ಆರ್ಸೆನಿಕ್ಕೂ ಇವೆ. ಹಳತು ಹೊಸತು ಎಂಬುದರ ಮೇಲೆ ತೀರ್ಮಾನ ಬೇಡ. ಒಳಗೇನಿದೆ ಎಂದು ಕೇಳೋಣ.

ಹಾಗಾದರೆ ಯಾವಾಗ? ಒಂದೇ ವಯಸ್ಸು ಗೊತ್ತುಮಾಡುವುದಕ್ಕಿಂತ ಮೂರು ಹಂತ ಮಾಡಿಕೊಳ್ಳುವುದು ವಾಸಿ. ಹನ್ನೆರಡು ಹದಿಮೂರರ ಸುಮಾರಿಗೆ ಮೊಡವೆ ಬರತೊಡಗುತ್ತದೆ. ಆಗ ಕಲಿಸಬೇಕಾದ್ದು ಮುಖ ತೊಳೆಯುವ ಕ್ರಮ, ಮೊಡವೆ ಹಿಸುಕಬಾರದೆಂಬ ತಿಳಿವಳಿಕೆ, ತುಟಿ ಒಡೆದರೆ ವ್ಯಾಸಲೀನು. ಕಾಡಿಗೆ, ಉಗುರುಬಣ್ಣಕ್ಕೆ ಅಡ್ಡಿ ಬೇಡ. ಹದಿನಾಲ್ಕು ಹದಿನೈದಕ್ಕೆ, ಅಂದರೆ ಹೈಸ್ಕೂಲಿನಲ್ಲಿ, ಜಾತ್ರೆ, ಹಬ್ಬ, ಲಗ್ನ, ಸೆಂಡ್ ಆಫ್‌ಗಳಲ್ಲಿ ತುಟಿಗೆ ತೆಳು ಬಣ್ಣ ಇರಲಿ. ಮೊಡವೆ ಇರುವ ಮುಖಕ್ಕೆ ದಪ್ಪ ಫೌಂಡೇಶನ್ ಬಳಿದರೆ ರಂಧ್ರ ಮುಚ್ಚಿ ಮೊಡವೆ ಹೆಚ್ಚುತ್ತದೆ ಎಂಬುದನ್ನು ಅವಳಿಗೆ ಬೈಗುಳವಾಗಿ ಹೇಳದೆ ಕಾರಣವಾಗಿ ಹೇಳಿದರೆ, ಅವಳೇ ಕಡಿಮೆ ಮಾಡಿಕೊಳ್ಳುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿಯಿಂದ ತಾಲ್ಲೂಕು ಊರಿನ ಪಿಯು ಕಾಲೇಜಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬರುವ ಹುಡುಗಿಯನ್ನು ಪ್ರಯಾಣಕ್ಕೆ ನಂಬಿದ ಮೇಲೆ ಅವಳ ಮುಖಕ್ಕೂ ನಂಬಬೇಕು. ಕಾಲೇಜಿನ ನಿಯಮದೊಳಗೆ ಅವಳ ಇಷ್ಟ. ಪಾರ್ಲರಿನ ಬ್ಲೀಚು, ಕೂದಲು ನೇರ ಮಾಡುವ ರಾಸಾಯನಿಕ, ಚರ್ಮ ಸುಲಿಯುವ ಆಸಿಡ್ಡು ಇವು ಹದಿನೆಂಟರವರೆಗೆ ಬೇಡ. ವಯಸ್ಸಾದವರ ಸುಕ್ಕಿಗೆ ಮಾಡಿದ ಸೀರಮ್ಮುಗಳನ್ನು ಫೋನ್ ನೋಡಿ ಮಕ್ಕಳು ತರಿಸಿಕೊಳ್ಳುವುದು ಎಲ್ಲ ಕಡೆಗೂ ಹಬ್ಬಿದೆ. 2024ರಲ್ಲಿ ಸ್ವೀಡನ್ನಿನ ಔಷಧಿ ಅಂಗಡಿಗಳ ದೊಡ್ಡದೊಂದು ಸಂಸ್ಥೆ, ಹೆತ್ತವರ ಒಪ್ಪಿಗೆ ಇಲ್ಲದೆ ಹದಿನೈದರೊಳಗಿನವರಿಗೆ ಅಂಥವನ್ನು ಮಾರುವುದನ್ನು ನಿಲ್ಲಿಸಿತು.

ಹೇಗೆ ಎಂಬುದು ಯಾವಾಗ ಎಂಬುದಕ್ಕಿಂತ ದೊಡ್ಡದು. ಕದ್ದು ಹಚ್ಚುವ ಬಣ್ಣವೇ ಹೆಚ್ಚು ಅಪಾಯಕಾರಿ. ಮನೆಯಲ್ಲಿ ಬೈಯುತ್ತಾರೆಂದು ಹುಡುಗಿ ಗೆಳತಿಯ ಚೀಲದಲ್ಲಿ ಇಡುವ ಲಿಪ್‌ಸ್ಟಿಕ್ ಅಗ್ಗದ್ದು, ಹೆಸರಿಲ್ಲದ್ದು, ನಾಲ್ಕು ತುಟಿ ಸುತ್ತಿ ಬಂದದ್ದು. ಒಂದೇ ಕಾಡಿಗೆ ಕಡ್ಡಿಯನ್ನು ಹಂಚಿಕೊಂಡರೆ ಕಣ್ಣಿನ ಸೋಂಕು ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಅವಸರದಲ್ಲಿ ಒರೆಸಿಕೊಂಡು ಬಂದವಳು ರಾತ್ರಿ ಸರಿಯಾಗಿ ತೊಳೆಯುವುದೂ ಇಲ್ಲ. ಅದರ ಬದಲು ತಾಯಿಯೋ ಅಕ್ಕನೋ ಮೊದಲ ಡಬ್ಬಿಯನ್ನು ತಾವೇ ಜೊತೆಗೆ ಹೋಗಿ ಕೊಡಿಸಲಿ. ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಬಳಸಬೇಕಾದ ಅವಧಿ ಇವೆಯೇ ಎಂದು ಓದುವುದನ್ನು ಅಂಗಡಿಯಲ್ಲೇ ಕಲಿಸಲಿ. ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಎರಡು ದಿನ ನೋಡಿ, ಆಮೇಲೆ ಮುಖಕ್ಕೆ. ತಿಂಗಳಿಗೆ ಇಷ್ಟೇ ದುಡ್ಡು ಎಂಬ ಮಿತಿಯನ್ನು ಬಣ್ಣಕ್ಕೂ ಪುಸ್ತಕಕ್ಕೂ ಸೇರಿಸಿ ಕೊಟ್ಟರೆ ಯಾವುದು ಬೇಕು ಎಂಬ ಆಯ್ಕೆಯನ್ನು ಅವಳೇ ಕಲಿಯುತ್ತಾಳೆ. ಈ ನಾಲ್ಕೂ ಊರುಗಳಲ್ಲಿ ಪಾರ್ಲರ್ ನಡೆಸಿ ಮನೆ ಸಾಗಿಸುವ ಹೆಣ್ಣುಮಕ್ಕಳಿದ್ದಾರೆ. ಶಾಲೆಗೆ ಅಂಥ ಒಬ್ಬರನ್ನೂ ಚರ್ಮವೈದ್ಯರೊಬ್ಬರನ್ನೂ ವರ್ಷಕ್ಕೊಮ್ಮೆ ಕರೆಸಿ ಮಾತಾಡಿಸಿದರೆ, ನೂರು ನಿಷೇಧಗಳಿಂದ ಆಗದ ಕೆಲಸ ಆದೀತು.

ಶಾಲೆಯೊಳಗೆ ನಿಯಮ ಇರಲಿ. ಸಮವಸ್ತ್ರದಂತೆ ಮುಖಕ್ಕೂ ಸರಳತೆ ಕೇಳುವುದರಲ್ಲಿ ತಪ್ಪಿಲ್ಲ. ಬಡವರ ಮಗಳು ಸಿರಿವಂತರ ಮಗಳ ಎದುರು ಚಿಕ್ಕವಳಾಗಬಾರದು. ಆದರೆ ನಿಯಮ ಮೀರಿದವಳನ್ನು ತರಗತಿಯ ಎದುರು ನಿಲ್ಲಿಸಿ, ತುಟಿ ಒರೆಸಿಸಿ, ನಡತೆಯ ಮಾತಾಡುವುದು ಶಿಸ್ತಲ್ಲ, ಅವಮಾನ. ಕೂದಲಿಗೆ ಬಣ್ಣ ಹಾಕಿದ ಹುಡುಗನಿಗೆ ಎಷ್ಟು ಮಾತೋ ಅವಳಿಗೂ ಅಷ್ಟೇ ಮಾತು ಸಾಕು.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಹುಡುಗಿಯರನ್ನು ಗಿರಾಕಿಗಳನ್ನಾಗಿ ಮಾಡುವುದೇ ಮೇಕಪ್ ಕಂಪನಿಗಳ ವ್ಯಾಪಾರ. ಕಿತ್ತೂರಿನಲ್ಲಿ 1969ರಲ್ಲೇ ಹೆಣ್ಣುಮಕ್ಕಳಿಗೆ ಸೈನಿಕ ಶಾಲೆ ತೆರೆದ ಸೀಮೆಯಲ್ಲಿ, 1824ರಲ್ಲಿ ಕಂಪನಿ ಸರ್ಕಾರದ ಎದುರು ನಿಂತ ರಾಣಿ ಚೆನ್ನಮ್ಮನ ಸಮಾಧಿ ಇರುವ ಬೈಲಹೊಂಗಲದಲ್ಲಿ, ನಾವು ಲಿಪ್‌ಸ್ಟಿಕ್ಕಿಗೆ ವಕಾಲತ್ತು ವಹಿಸಬೇಕೇ? ಈ ಪ್ರಶ್ನೆಯಲ್ಲಿ ತೂಕವಿದೆ. ಮಾರುಕಟ್ಟೆ ಮೊದಲು ಹುಡುಗಿಯ ಮುಖದಲ್ಲಿ ಕೊರತೆ ಹುಟ್ಟಿಸುತ್ತದೆ, ಆಮೇಲೆ ಅದಕ್ಕೆ ಮದ್ದು ಮಾರುತ್ತದೆ. ಫೋನಿನ ಫಿಲ್ಟರು ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತದೆ. ಆದರೆ ಆ ಕೊರತೆಯ ಮಾತನ್ನು ಹುಡುಗಿ ಮೊದಲು ಕೇಳಿದ್ದು ಕಂಪನಿಯ ಬಾಯಿಂದಲ್ಲ. "ಅಕ್ಕ ಬೆಳ್ಳಗ, ಇದು ಸ್ವಲ್ಪ ಕಪ್ಪ" ಎಂದು ಬಂದವರ ಎದುರು ಹೇಳಿದ ಮನೆಯವರಿಂದ. ನಿಷೇಧದಿಂದ ಆ ಮಾತು ಅಳಿಯದು. ಮೂಗು, ಬಣ್ಣ, ಹಲ್ಲಿನ ಬಗ್ಗೆ ಅಪ್ಪ, ಅಣ್ಣ, ಕಾಕಾ ಮಾಡುವ ತಮಾಷೆ ನಿಲ್ಲಬೇಕು. ಅವಳ ಓದು, ಓಟ, ಹಾಡು, ಲೆಕ್ಕದ ಬಗ್ಗೆ ಮನೆಯಲ್ಲಿ ಹೆಚ್ಚು ಮಾತು ನಡೆಯಬೇಕು. ಹತ್ತು ವಿಷಯಗಳಲ್ಲಿ ಮೆಚ್ಚುಗೆ ಪಡೆದ ಹುಡುಗಿಗೆ ಹನ್ನೊಂದನೆಯದಾಗಿ ತುಟಿಯ ಬಣ್ಣವಿದ್ದರೆ ಅದು ಅವಳನ್ನು ನುಂಗದು. ಮುಖವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಲೆಕ್ಕಕ್ಕೆ ಬಾರದವಳಿಗೆ ಬಣ್ಣ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ.

ಆದ್ದರಿಂದ ಹೆತ್ತವರ ಕೆಲಸದ ಅನುಕ್ರಮ ತಿರುವುಮುರುವಾಗಬೇಕು. ಮೊದಲು ಕಪಾಟು ತೆಗೆದು ಬೆಳ್ಳಗಾಗುವ ಕ್ರೀಮು, ಹೆಸರಿಲ್ಲದ ಡಬ್ಬಿ, ಚೀಟಿ ಇಲ್ಲದೆ ತಂದ ಮುಲಾಮು ಎಲ್ಲವನ್ನೂ ಹೊರಗೆ ಹಾಕಬೇಕು. ತಾಯಿ ತನ್ನದನ್ನೂ ಸೇರಿಸಿ. ಮುಲಾಮು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ತಟ್ಟನೆ ಬಿಡದೆ ಚರ್ಮವೈದ್ಯರನ್ನು ಕಾಣಬೇಕು. ಲಿಪ್‌ಸ್ಟಿಕ್ಕಿನ ಮಾತು ಅದಾದ ಮೇಲೆ. ಆಗ "ಯಾರಿಗೆ ತೋರಸಾಕ ಹಚ್ಕೊಂಡೀ?" ಎಂಬ ಪ್ರಶ್ನೆ ಬೇಡ. "ಇದನ್ನ ಎಲ್ಲಿ ತಂದಿ? ಇದರಾಗ ಏನೇನೈತಿ? ರಾತ್ರಿ ತೊಳಕೊಂಡ ಮಲಗೀದಿ ಇಲ್ಲೋ?" ಎಂದು ಕೇಳಿದರೆ ಸಾಕು. ಮೊದಲ ಪ್ರಶ್ನೆಗೆ ಹುಡುಗಿ ಸುಳ್ಳು ಹೇಳುತ್ತಾಳೆ, ಏಕೆಂದರೆ ಅದರಲ್ಲಿ ಆರೋಪ ಇದೆ. ಉಳಿದ ಮೂರಕ್ಕೆ ನಿಜ ಹೇಳಬಲ್ಲಳು. ಹದಿನಾಲ್ಕಕ್ಕೆ ಬಣ್ಣದ ವಿಷಯದಲ್ಲಿ ತಾಯಿಗೆ ನಿಜ ಹೇಳಬಲ್ಲ ಹುಡುಗಿ ಹದಿನಾರಕ್ಕೆ, ಹದಿನೆಂಟಕ್ಕೆ ಅದಕ್ಕಿಂತ ದೊಡ್ಡ ಸಂಗತಿಗಳನ್ನೂ ಮನೆಗೆ ತಂದು ಹೇಳುತ್ತಾಳೆ. ಮಂದಿ ಏನಂದಾರು ಎಂಬ ಭಯದಿಂದ ಕಾಯಲು ಹೊರಟದ್ದನ್ನು ನಿಜವಾಗಿ ಕಾಯುವುದು ಈ ನಂಬಿಕೆಯೇ.